ಶ್ರುತಿ ಹಿಡಿದವನು

ಮುಳವಾಡದ ಸೀಮೆಯ ಜಾತ್ರೆಗೆ ಕರಡಿ ಮಜಲು ಬಂದರೇನೇ ಕಳೆ. ಊರಿಂದೂರಿಗೆ ತಿರುಗುವ ಸಣ್ಣ ಮೇಳ: ಕೊರಳಿಗೆ ತೂಗುಬಿಟ್ಟ ಕರಡಿ ಎಂಬ ಚರ್ಮವಾದ್ಯ, ಸಂಬಾಳ, ತಾಳ, ಎಲ್ಲಕ್ಕೂ ಮೇಲೆ ಸನಾದಿ. ಯುರೋಪಿನ ಚೇಂಬರ್ ಆರ್ಕೆಸ್ಟ್ರಾದವರ ಮುಂದೆ ಬರೆದ ಸ್ವರಲಿಪಿ ಇರುತ್ತದೆ. ಇಲ್ಲಿ ಕಣ್ಣಸನ್ನೆಯೇ ಲಿಪಿ.

1977ರ ‘ಸನಾದಿ ಅಪ್ಪಣ್ಣ’ ಚಿತ್ರದಲ್ಲಿ ರಾಜ್‌ಕುಮಾರ್ ತುಟಿಗಿಟ್ಟ ಸನಾದಿಗೆ ಉಸಿರು ಕೊಟ್ಟವರು ಬಿಸ್ಮಿಲ್ಲಾ ಖಾನ್. ಸನಾದಿಯವನಿಗೆ ಆ ಹೆಸರಾದರೂ ಸಿಕ್ಕಿತು ಬಿಡಿ. ನನ್ನ ಕಣ್ಣೆಲ್ಲ ಶ್ರುತಿ ಹಿಡಿದವನ ಮೇಲೆ. ರಾಗವಿಲ್ಲ, ಬಿರುಸಿಲ್ಲ, ಕೆನ್ನೆ ಉಬ್ಬಿಸಿ ಒಂದೇ ಸ್ವರ ಊದುತ್ತಾನೆ. ಅವನ ಉಸಿರು ಕಡಿದರೆ ಸನಾದಿಗೆ ನಿಲ್ಲಲು ನೆಲವೇ ಇಲ್ಲ. ಕರಡಿ ನಿಧಾನ ನಡೆಯಿಂದ ದೌಡಿಗೇರಿದರೂ ಅವನು ಅಲ್ಲೇ.

ಡಿಜೆ ಗಾಡಿ ಎದುರಾದರೆ ಮೇಳ ಬದಿಗೆ ಸರಿಯುತ್ತದೆ. ಗಾಡಿ ದಾಟಿದ ಮೇಲೆ ಗೊತ್ತಾಗುವುದು, ಶ್ರುತಿ ನಿಂತೇ ಇರಲಿಲ್ಲ.