ಪುಟ ತೋರಿಸು

ಏಳನೆಯ ಇಯತ್ತೆಯ ಮಕ್ಕಳಿಗೆ ಕಾದಂಬರಿಯೆಂದರೆ ಕಥೆ, ಪರೀಕ್ಷೆ ಬಂತೆಂದರೆ ಗೈಡಿನೊಳಗಿನ ಸಾರಾಂಶ. ಓದುವುದು ಇವೆರಡರ ನಡುವೆ ಎಲ್ಲೋ ಕಳೆದುಹೋಗುತ್ತದೆ. ಕಟಕೋಳದಲ್ಲಿ ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು (1933) ದಿನಕ್ಕಿಷ್ಟು ಓದಿಸುವಾಗ ನಾನು ಹಾಕಿದ ಕರಾರು ಒಂದೇ: ಏನು ಬೇಕಾದರೂ ಹೇಳು, ಪುಟ ತೋರಿಸು.

“ಸಂಕಪ್ಪಯ್ಯ ಕೆಟ್ಟಾಂವ ರೀ ಅಕ್ಕೋರ” ಎಂದು ವರ್ಗವೆಲ್ಲ ಒಂದೇ ಉಸಿರಿಗೆ ತೀರ್ಪು ಕೊಟ್ಟಿತು. ಲಾವಣಿ ಹೊಲ ಮಾಡುವ ಮನೆಯ ಹುಡುಗನೊಬ್ಬ ಮಾತ್ರ ಹಾಳೆ ತಿರುವಿ, ಧಣಿಯ ಮನಸ್ಸು ಕರಗುವ, ತಾಯಿ ಅಡ್ಡ ಬರುವ ಜಾಗಕ್ಕೆ ಬೆರಳಿಟ್ಟ. ಧಣಿಯ ಪರವಾಗಿ ಅವನೇ ಎದ್ದು ನಿಂತದ್ದು ನನಗೆ ಸೋಜಿಗ. “ಹಂಗಾದ್ರ ಅವ್ವನ ಕೆಟ್ಟಾಕಿ” ಎಂದಳು ಇನ್ನೊಬ್ಬಳು. ಆಕೆಗೂ ಅದೇ ಕರಾರು. ಮುದುಕಿಯ ಬಾಯಲ್ಲಿ ಬರುವುದು ಹಿಂದಿನಿಂದ ನಡೆದುಬಂದ ಕಟ್ಟಳೆ ಎಂಬುದು ಎರಡನೆಯ ಸಲ ಓದಿದಾಗಲೇ ಕಂಡದ್ದು. ಕಾರಂತರು ಒಬ್ಬ ದುಷ್ಟನನ್ನು ಹಿಡಿದು ಕೊಡುವುದಿಲ್ಲ. ಎತ್ತುಗಳಿದ್ದೂ ಹೊಲವಿಲ್ಲದ ಮುದುಕನ ಕೈಗೆ ದುಡಿ ಕೊಟ್ಟು ಸುಮ್ಮನಾಗುತ್ತಾರೆ. ‘ಚೋಮನ ಪಾತ್ರ ಪರಿಚಯ ಮಾಡಿರಿ’ ಎಂಬ ಐದು ಅಂಕಗಳ ಪ್ರಶ್ನೆಗೆ ಇದು ದಕ್ಕುವುದಿಲ್ಲ.

1975ರ ಸಿನೇಮಾ ನೋಡಿದ್ದ ಕೆಲವರು ಅದನ್ನೇ ಸಾಕ್ಷಿಗೆ ತಂದರು. ನಾನು ಒಪ್ಪಲಿಲ್ಲ. ಬಿ.ವಿ. ಕಾರಂತರು ಬೇರೆ, ಶಿವರಾಮ ಕಾರಂತರು ಬೇರೆ.

ನೀಲ ಮುಳುಗುವ ಪ್ರಸಂಗ ಬಂದ ದಿನ ವರ್ಗ ಸುಮ್ಮನಾಯಿತು. ದಂಡೆಯ ಮೇಲೆ ಜನರಿದ್ದೂ ಮೈಲಿಗೆಯ ಭಯಕ್ಕೆ ಹುಡುಗ ಉಳಿಯಲಿಲ್ಲ. “ಇಲ್ಲೆ ಬರೆದವ್ರಿಗೆ ಸಿಟ್ಟು ಬಂದಿತ್ತೇನ್ರಿ?” ಅದೇ ಹುಡುಗ ಕೇಳಿದ. ಯಾವ ಸಾಲಿನಾಗ ಐತಿ ಹುಡುಕು ಎಂದೆ. ಗಂಟೆ ಹೊಡೆದರೂ ಮೂರ್ನಾಲ್ಕು ತಲೆಗಳು ಒಂದೇ ಪುಸ್ತಕದ ಮೇಲೆ ಬಾಗಿದ್ದವು.