ಕಾಗದ ಕೊಡದೆ ಕಳಿಸುವ ಪದ್ಧತಿ

ಮೇ ಕೊನೆಯ ವಾರ. ನವಲಗುಂದ, ಅಣ್ಣಿಗೇರಿ ಕಡೆಯ ಎರಿ ಹೊಲಗಳಲ್ಲಿ ಹೆಸರು ಬಿತ್ತಲು ರೈತರು ಹದಮಳೆಗೆ ಕಾಯುತ್ತಿರುವಾಗಲೇ ಸರ್ಕಾರಿ ಸಾಲಿಗಳ ಬಾಗಿಲೂ ತೆರೆಯುತ್ತವೆ. ಕಾಯಂ ಶಿಕ್ಷಕರು ಹಾಜರಿ ಪುಸ್ತಕದಲ್ಲಿ ಸಹಿ ಹಾಕಿ ಒಳಗೆ ಹೋಗುತ್ತಾರೆ. ಕಳೆದ ವರ್ಷ ಅದೇ ಸಾಲಿಯಲ್ಲಿ ಗಣಿತ ಕಲಿಸಿದ ಗೆಸ್ಟ್ ಟೀಚರ್ ಮನೆಯಲ್ಲಿ ಕುಳಿತು ಫೋನ್ ಕಾಯುತ್ತಾರೆ. ಹೆಡ್‌ಮಾಸ್ತರರು ಕರೆದರೆ ಕೆಲಸ ಉಂಟು, ಕರೆಯದಿದ್ದರೆ ಇಲ್ಲ. ತಾವೇ ಫೋನ್ ಮಾಡಿ ಕೇಳಿದರೆ ಸಿಗುವ ಉತ್ತರ ಬಹುತೇಕ ಒಂದೇ: "ಇನ್ನೂ ಆರ್ಡರ್ ಬಂದಿಲ್ರಿ, ಬಂದ್ರ ಹೇಳ್ತೀವಿ." ಆ ಜಾಗಕ್ಕೆ ವರ್ಗವಾಗಿ ಬಂದವರು ಪಾಠ ಶುರು ಮಾಡಿದ್ದಾರೆಂಬುದು ಒಮ್ಮೊಮ್ಮೆ ಊರಿನ ಮಕ್ಕಳ ಬಾಯಿಂದಲೇ ತಿಳಿಯುತ್ತದೆ.

ಇದರಲ್ಲಿ ಯಾರೂ ಯಾರನ್ನೂ ಕೆಲಸದಿಂದ ತೆಗೆದಿಲ್ಲ. ಕುಂದಗೋಳದ ಬಿಇಓ ಕಚೇರಿಯ ಕಡತ ತೆರೆದರೂ, ಧಾರವಾಡದಲ್ಲಿರುವ ಶಾಲಾ ಶಿಕ್ಷಣ ಇಲಾಖೆಯ ಅಪರ ಆಯುಕ್ತರ ಕಚೇರಿಗೆ ಹೋದರೂ ವಜಾ ಆದೇಶದ ಪ್ರತಿ ಸಿಗದು, ಏಕೆಂದರೆ ಅಂಥ ಆದೇಶವೇ ಹುಟ್ಟಿಲ್ಲ. ಅತಿಥಿ ಶಿಕ್ಷಕ ಪದ್ಧತಿಯ ಬಗ್ಗೆ ಗೌರವಧನ ಸಾಲದು, ಕಾಯಮಾತಿ ಇಲ್ಲ ಎಂಬ ಎರಡು ದೂರುಗಳು ಮತ್ತೆ ಮತ್ತೆ ಕೇಳಿಬರುತ್ತವೆ. ಎರಡೂ ನ್ಯಾಯವಾದವೇ. ಮೂರನೆಯದೊಂದಿದೆ, ಅದರ ಮಾತು ಕಡಿಮೆ: ಈ ಪದ್ಧತಿಯಲ್ಲಿ ಕೆಲಸ ಹೋದದ್ದನ್ನು ಹೋದವರಿಗೆ ಹೇಳುವ ಹೊಣೆ ಯಾರ ಮೇಲೂ ಇಲ್ಲ.

ಮೊದಲು ಪದ್ಧತಿಯ ಗುಣ ಹೇಳಬೇಕು. 2025-26ನೇ ಸಾಲಿನಲ್ಲಿ ರಾಜ್ಯದ ಸರ್ಕಾರಿ ಪ್ರಾಥಮಿಕ ಮತ್ತು ಪ್ರೌಢಶಾಲೆಗಳಲ್ಲಿ ಸುಮಾರು 50,000 ಅತಿಥಿ ಶಿಕ್ಷಕರ ಬಲದಿಂದಲೇ ತರಗತಿಗಳು ನಡೆದಿವೆ. ನೇರ ನೇಮಕಾತಿ ಎಷ್ಟು ನಿಧಾನವೆಂದರೆ, 2022ರ ಮಾರ್ಚ್‌ನಲ್ಲಿ ಅಧಿಸೂಚನೆ ಹೊರಬಿದ್ದ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗಳಿಗೆ ಆಯ್ಕೆಯಾದವರು ಶಾಲೆ ಸೇರುವಷ್ಟರಲ್ಲಿ 2023 ಮುಗಿಯುತ್ತ ಬಂದಿತ್ತು. ಆ ನಡುವೆ ಆರನೇ ತರಗತಿಯಲ್ಲಿದ್ದ ಮಗು ಕಾಯುತ್ತ ಕೂರಲು ಆಗುತ್ತದೆಯೇ? ಮುಖ್ಯ ಶಿಕ್ಷಕರು ಮತ್ತು ಎಸ್‌ಡಿಎಂಸಿ ಸೇರಿ ಹತ್ತಿರದ ಊರಿನ ಬಿ.ಇಡಿ ಆದವರೊಬ್ಬರನ್ನು ವಾರದೊಳಗೆ ತರಗತಿಗೆ ನಿಲ್ಲಿಸಬಹುದಾದ ವ್ಯವಸ್ಥೆ ಇದು. ಕಲಘಟಗಿಯ ಕಾಡಂಚಿನ ಹಳ್ಳಿಗೆ ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಬಂದುಹೋಗುವವರಿಗಿಂತ ಅದೇ ಸೀಮೆಯವರು ಮಕ್ಕಳ ಮನೆಮಾತನ್ನು ಬಲ್ಲರು. ಮದುವೆಯಾಗಿ ಊರು ಬಿಡಲಾಗದ, ಓದಿದ ಹೆಣ್ಣುಮಕ್ಕಳಿಗೆ ತಾಲ್ಲೂಕಿನಲ್ಲಿ ಸಿಗುವ ಮರ್ಯಾದೆಯ ಕೆಲಸಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ಇದೊಂದು. ಅವರನ್ನೂ ಊರಿನವರು 'ಅಕ್ಕೋರು' ಎಂದೇ ಕರೆಯುತ್ತಾರೆ.

ಪಗಾರದ ಲೆಕ್ಕ ಚಿಕ್ಕದು. ಪ್ರಾಥಮಿಕ ಶಾಲೆಯಲ್ಲಿ ತಿಂಗಳಿಗೆ 10,000, ಪ್ರೌಢಶಾಲೆಯಲ್ಲಿ 10,500 ಇದ್ದ ಗೌರವಧನಕ್ಕೆ 2025-26ರ ಬಜೆಟ್ 2,000 ಸೇರಿಸಿತು. ಬೇಸಿಗೆ ರಜೆಗೆ ಕಾಸಿಲ್ಲ.

ತೊಡಕಿನ ಬೇರು ನೇಮಕದ ಷರತ್ತಿನಲ್ಲಿದೆ. ವರ್ಷವರ್ಷ ಹೊರಡುವ ಆದೇಶಗಳ ತಿರುಳು ಹೀಗೆ: ನೇರ ನೇಮಕಾತಿ, ವರ್ಗಾವಣೆ ಇಲ್ಲವೇ ಬಡ್ತಿಯಿಂದ ಕಾಯಂ ಶಿಕ್ಷಕರು ಬರುವ ತನಕ, ಅಥವಾ ಶೈಕ್ಷಣಿಕ ವರ್ಷ ಮುಗಿಯುವ ತನಕ, ಎರಡರಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ. ಸರ್ಕಾರದ ಕಡೆಯಿಂದ ಓದಿದರೆ ಇದರಲ್ಲಿ ತಪ್ಪು ಹುಡುಕುವುದು ಕಷ್ಟ. ಖಾಲಿ ಜಾಗ ತುಂಬುವವರೆಗಿನ ಏರ್ಪಾಡು ಎಂದು ಮೊದಲೇ ಹೇಳಿಯಾಗಿದೆ. ಆದರೆ ಕೆಲಸ ಎಂದು ಮುಗಿಯುತ್ತದೆ ಎಂಬುದು ಕೆಲಸದಲ್ಲಿರುವವರನ್ನು ಬಿಟ್ಟು ಉಳಿದವರಿಗೆಲ್ಲ ಮೊದಲು ಗೊತ್ತಾಗುವಂತೆ ಈ ಷರತ್ತು ಕೂತಿದೆ. ವರ್ಗಾವಣೆ ಕೌನ್ಸೆಲಿಂಗ್‌ನಲ್ಲಿ ಜಾಗ ಆರಿಸಿಕೊಂಡ ಶಿಕ್ಷಕರಿಗೆ ಆ ದಿನವೇ ಗೊತ್ತು. ಆದೇಶ ಮುದ್ರಿಸಿದ ಕಚೇರಿಗೆ ಗೊತ್ತು. ಮುಖ್ಯ ಶಿಕ್ಷಕರಿಗೆ ಎರಡು ದಿನದಲ್ಲಿ ತಿಳಿಯುತ್ತದೆ. ಆ ತರಗತಿಯಲ್ಲಿ ನಿಂತಿರುವವರಿಗೆ ತಿಳಿಸಬೇಕಾದವರು ಯಾರೆಂದು ಷರತ್ತು ಹೇಳುವುದಿಲ್ಲ.

ಹೆಚ್ಚುವರಿ ಶಿಕ್ಷಕರ ಮರುಹೊಂದಾಣಿಕೆಯನ್ನು ಇದರ ಪಕ್ಕ ಇಟ್ಟು ನೋಡಬೇಕು. ಮಕ್ಕಳ ಸಂಖ್ಯೆ ಕುಸಿದು ಕಾಯಂ ಶಿಕ್ಷಕರೊಬ್ಬರು ಹೆಚ್ಚುವರಿಯಾದರೆ ಕರಡು ಪಟ್ಟಿ ಬರುತ್ತದೆ, ಆಕ್ಷೇಪಣೆಗೆ ದಿನ ಕೊಡುತ್ತಾರೆ, ಅಂತಿಮ ಪಟ್ಟಿ, ಆಮೇಲೆ ಕೌನ್ಸೆಲಿಂಗ್. ಅವರ ಕೆಲಸಕ್ಕೆ ಕುತ್ತಿಲ್ಲ, ಊರು ಬದಲಾಗುತ್ತದೆ ಅಷ್ಟೇ. ಅದೇ ಅಂಕಿಸಂಖ್ಯೆಯಿಂದ ಗೆಸ್ಟ್ ಟೀಚರ್ ಕೆಲಸವನ್ನೇ ಕಳೆದುಕೊಂಡರೆ ಇವುಗಳಲ್ಲಿ ಒಂದು ಮೆಟ್ಟಿಲೂ ಇಲ್ಲ.

ಧಾರವಾಡ ಜಿಲ್ಲೆಗೆ ಈ ವಿಷಯದಲ್ಲಿ ದೊಡ್ಡ ಇತಿಹಾಸವಿದೆ. ಗದಗ, ಹಾವೇರಿ ಇನ್ನೂ ಇದೇ ಜಿಲ್ಲೆಯೊಳಗಿದ್ದ ಕಾಲದಲ್ಲಿ ಲೋಕೋಪಯೋಗಿ ಇಲಾಖೆಯ ಅಕ್ಷರಸ್ಥ ದಿನಗೂಲಿ ನೌಕರರ ಸಂಘ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 1990ರ ಫೆಬ್ರುವರಿಯಲ್ಲಿ ಬಂದ ತೀರ್ಪು ದೇಶದ ಕಾನೂನು ಪುಸ್ತಕಗಳಲ್ಲಿ 'ಧಾರವಾಡ ಜಿಲ್ಲಾ ಪಿಡಬ್ಲ್ಯುಡಿ' ಪ್ರಕರಣವೆಂದೇ ಹೆಸರಾಗಿದೆ. ರಾಜ್ಯದ ಬೇರೆ ಬೇರೆ ಇಲಾಖೆಗಳಲ್ಲಿ ಆಗ ಸುಮಾರು 50,000 ದಿನಗೂಲಿಗಳಿದ್ದರು. ಹದಿನಾರರಿಂದ ಇಪ್ಪತ್ತು ವರ್ಷ ದುಡಿದರೂ ಮಸ್ಟರ್ ರೋಲ್‌ನಿಂದ ಹೊರಬರದವರು ಅವರಲ್ಲಿ ಅನೇಕರು. 1984ರ ಜುಲೈ 1ಕ್ಕೆ ಮೊದಲು ಸೇರಿದವರಿಗೆ 1990ರ ಜನವರಿ 1ರಿಂದ ತಿಂಗಳಿಗೆ 780 ರೂಪಾಯಿ ನಿಗದಿ ಪಗಾರ, ಹತ್ತು ವರ್ಷ ಪೂರೈಸಿದವರಲ್ಲಿ 18,600 ಮಂದಿಗೆ ಕೂಡಲೇ ಕಾಯಮಾತಿ, ಉಳಿದವರಿಗೆ 1997ರ ಕೊನೆಯೊಳಗೆ ಹಂತಹಂತವಾಗಿ ಎಂಬ ಯೋಜನೆಯನ್ನು ನ್ಯಾಯಾಲಯ ಅಂಗೀಕರಿಸಿತು.

ಆ ದಿನಗೂಲಿಗಳಿಗೆ ಇದ್ದ ಒಂದು ಅನುಕೂಲ ಇಂದಿನ ಗೆಸ್ಟ್ ಟೀಚರಿಗೆ ಇಲ್ಲ. ರಸ್ತೆ ಕೆಲಸಕ್ಕಾಗಲಿ, ಕಚೇರಿಯ ಗುಮಾಸ್ತಿಕೆಗಾಗಲಿ ಬೇಸಿಗೆ ರಜೆ ಇರಲಿಲ್ಲ. ಕೆಲಸ ವರ್ಷದುದ್ದಕ್ಕೂ ಸಾಗುತ್ತಿದ್ದುದರಿಂದ ಸೇವೆ ಸತತವಾಗಿತ್ತೆಂದು ತೋರಿಸಲು ಮಸ್ಟರ್ ರೋಲ್ ಸಾಕಿತ್ತು. ಸಾಲಿಯ ವರ್ಷ ಏಪ್ರಿಲ್‌ನಲ್ಲಿ ತಾನಾಗಿಯೇ ತುಂಡಾಗುತ್ತದೆ. ಹತ್ತು ವರ್ಷ ಕಲಿಸಿದವರ ದಾಖಲೆ ಹತ್ತು ಬೇರೆ ಬೇರೆ ನೇಮಕಗಳಾಗಿ ಕಾಣುತ್ತದೆ, ಪ್ರತಿ ತುಂಡೂ ತನ್ನಷ್ಟಕ್ಕೆ ಕಾನೂನುಬದ್ಧ.

ಕಾನೂನು ಕೂಡ ಈ ತುಂಡುಗಳ ಪರವಾಗಿಯೇ ಬೆಳೆಯಿತು. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ ಪ್ರಕಾರ ವರ್ಷದಲ್ಲಿ 240 ದಿನ ದುಡಿದವರನ್ನು ತೆಗೆಯುವ ಮೊದಲು ಒಂದು ತಿಂಗಳ ಲಿಖಿತ ನೋಟಿಸು ಅಥವಾ ಅಷ್ಟು ದಿನದ ಕೂಲಿ, ಜೊತೆಗೆ ಪ್ರತಿ ವರ್ಷದ ಸೇವೆಗೆ 15 ದಿನಗಳ ಪರಿಹಾರ ಕೊಡಬೇಕಿತ್ತು. ರಾಜ್ಯ ಸರ್ಕಾರ ದಿನಗೂಲಿ ನೇಮಕಕ್ಕೆ ಗೆರೆ ಎಳೆದ 1984ರ ಮಳೆಗಾಲದಲ್ಲೇ ಈ ಕೇಂದ್ರ ಕಾಯ್ದೆಗೂ ತಿದ್ದುಪಡಿ ಜಾರಿಗೆ ಬಂತು: ಒಪ್ಪಂದದ ಅವಧಿ ಮುಗಿದು ನವೀಕರಣವಾಗದಿದ್ದರೆ ಅದು ಕೆಲಸದಿಂದ ತೆಗೆದುಹಾಕಿದ್ದಲ್ಲ, ನೋಟಿಸೂ ಬೇಕಿಲ್ಲ. 1988ರಲ್ಲಿ ಗೋವಾದ ಶಿಕ್ಷಕಿಯೊಬ್ಬರ ಪ್ರಕರಣದಲ್ಲಿ, ಶಿಕ್ಷಕರು ಆ ಕಾಯ್ದೆಯ ಅರ್ಥದಲ್ಲಿ ಕಾರ್ಮಿಕರೇ ಅಲ್ಲವೆಂದು ಸುಪ್ರೀಂ ಕೋರ್ಟ್ ಹೇಳಿತು. ಗೆಸ್ಟ್ ಟೀಚರ್ ಹೀಗೆ ಎರಡು ಬಾರಿ ಹೊರಗುಳಿದರು. ಆ ಹಳೆಯ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಅದರಲ್ಲಿಯೂ ನಿಗದಿತ ಅವಧಿ ಮುಗಿದು ಹೋಗುವುದನ್ನು ಕೆಲಸದಿಂದ ತೆಗೆದ ಲೆಕ್ಕಕ್ಕೆ ಹಿಡಿಯುವುದಿಲ್ಲ.

2006ರ ಏಪ್ರಿಲ್ 10ರಂದು ಉಮಾದೇವಿ ಪ್ರಕರಣದ ತೀರ್ಪು ಬಂತು. ಅದೂ ಕರ್ನಾಟಕದ್ದೇ. 1985-86ರಲ್ಲಿ ವಾಣಿಜ್ಯ ತೆರಿಗೆ ಇಲಾಖೆಗೆ ತಾತ್ಕಾಲಿಕವಾಗಿ ಸೇರಿದವರ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ, ನಿಯಮದಂತೆ ಆಯ್ಕೆಯಾಗದವರಿಗೆ ಕಾಯಮಾತಿಯ ಹಕ್ಕಿಲ್ಲ ಎಂದಿತು. ಧಾರವಾಡದ ತೀರ್ಪಿನಂಥವುಗಳನ್ನು ಮುಂದೆ ಮಾದರಿಯಾಗಿ ತೋರಿಸುವ ದಾರಿಯೂ ಮುಚ್ಚಿತು. ತಾತ್ಕಾಲಿಕ ಎಂದು ಗೊತ್ತಿದ್ದೇ ಸೇರಿದವರು ಆಮೇಲೆ ನಿರೀಕ್ಷೆ ಇಟ್ಟುಕೊಳ್ಳುವಂತಿಲ್ಲ ಎಂಬುದು ಪೀಠದ ತರ್ಕ. ಪರೀಕ್ಷೆ ಬರೆದು ಸರದಿಯಲ್ಲಿ ನಿಂತ ಲಕ್ಷಾಂತರ ನಿರುದ್ಯೋಗಿಗಳ ಕಡೆಯಿಂದ ನೋಡಿದರೆ ಈ ತರ್ಕದಲ್ಲಿ ನ್ಯಾಯವಿದೆ. ಆದರೆ ಅದು ಉತ್ತರಿಸಿದ್ದು ಕಾಯಮಾತಿಯ ಪ್ರಶ್ನೆಗೆ. ಹೋಗುವವರಿಗೆ ಮೊದಲೇ ಹೇಳಬೇಡಿ ಎಂದು ಯಾವ ಪೀಠವೂ ಹೇಳಿಲ್ಲ.

ಕಾಲೇಜುಗಳಲ್ಲಿ ಇದೇ ಪದ್ಧತಿ ಇನ್ನೂ ನುಣುಪಾಗಿ ಕೆಲಸ ಮಾಡಿತು. 2021ರ ಡಿಸೆಂಬರ್‌ನಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರು ತರಗತಿ ಬಹಿಷ್ಕರಿಸಿದರು. ಮರುತಿಂಗಳು ಸರ್ಕಾರ ಗೌರವಧನವನ್ನು 11,000-13,000ದಿಂದ 26,000-32,000 ರೂಪಾಯಿಗೆ ಏರಿಸಿತು. ಪತ್ರಿಕೆಗಳಲ್ಲಿ ಸಂಕ್ರಾಂತಿಯ ಸಿಹಿ ಸುದ್ದಿ. ಅದೇ ಪ್ರಕಟಣೆಯಲ್ಲಿ ವಾರದ ಕಾರ್ಯಭಾರ 8-10 ಗಂಟೆಯಿಂದ 15 ಗಂಟೆಗೆ ಏರಿತ್ತು. ಒಂದು ಕಾಲೇಜಿನ ಕನ್ನಡ ವಿಭಾಗದಲ್ಲಿ ಅತಿಥಿಗಳಿಗೆ ಉಳಿಯುವ ಪಾಠ ವಾರಕ್ಕೆ 30 ಗಂಟೆ ಎಂದುಕೊಳ್ಳೋಣ. ತಲಾ ಹತ್ತು ಗಂಟೆಯಂತೆ ಮೂವರು ಇದ್ದರು. ತಲಾ 15 ಎಂದ ಕೂಡಲೇ ಇಬ್ಬರೇ ಸಾಕು. ಮೂರನೆಯವರ ಹೆಸರಿನಲ್ಲಿ ಏನೂ ಬರೆಯಬೇಕಿಲ್ಲ, ಭಾಗಾಕಾರವೇ ಅವರನ್ನು ಹೊರಗೆ ಕಳಿಸಿತು. ರಾಜ್ಯದಲ್ಲಿದ್ದ 14,000ಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರಲ್ಲಿ ಸಾವಿರಾರು ಮಂದಿಗೆ ಹೀಗೆ ಜಾಗ ಇಲ್ಲದಾಯಿತು. ಉಳಿದವರ ಸಂಬಳ ದುಪ್ಪಟ್ಟಾಗಿದ್ದರಿಂದ ಹೋದವರ ಪರವಾಗಿ ಮುಷ್ಕರ ಕಟ್ಟುವುದೂ ಕಷ್ಟವಾಯಿತು. ಸಂಬಳ ಏರಿಸಿದ್ದು ಸರಿ. ಜನ ಕಡಿಮೆ ಮಾಡುವ ತೀರ್ಮಾನವನ್ನು ಅದರ ಮಡಿಕೆಯೊಳಗೆ ಇಟ್ಟದ್ದು ಸರಿಯಲ್ಲ.

ಬೇರೆ ಕಡೆ ಹೀಗೆಯೇ ಇರಬೇಕೆಂದೇನಿಲ್ಲ. ಬ್ರಿಟನ್ನಿನ 1996ರ ಉದ್ಯೋಗ ಹಕ್ಕುಗಳ ಕಾಯ್ದೆ, ಅವಧಿ ಮುಗಿದ ಒಪ್ಪಂದವನ್ನು ನವೀಕರಿಸದಿರುವುದನ್ನೂ ವಜಾ ಎಂದೇ ಎಣಿಸುತ್ತದೆ. ನಿಗದಿತ ಕಾಲ ದುಡಿದವರು ಕಾರಣ ಬರೆದುಕೊಡಿ ಎಂದು ಕೇಳಬಹುದು. 2002ರ ನಿಯಮಗಳಂತೆ ನಾಲ್ಕು ವರ್ಷ ಮತ್ತೆ ಮತ್ತೆ ನವೀಕರಿಸಿದ ಒಪ್ಪಂದ, ಮಾಲೀಕರು ತಕ್ಕ ಸಮರ್ಥನೆ ಕೊಡದಿದ್ದರೆ, ಕಾಯಂ ಆಗುತ್ತದೆ. ಅಷ್ಟು ದೂರ ಹೋಗುವುದೂ ಬೇಡ. ನಮ್ಮ ರಾಜ್ಯವೇ 2012ರಲ್ಲಿ ದಿನಗೂಲಿ ನೌಕರರ ಕ್ಷೇಮಾಭಿವೃದ್ಧಿ ಕಾಯ್ದೆ ತಂದು, ಉಮಾದೇವಿ ತೀರ್ಪಿನಿಂದ ಕಾಯಮಾತಿ ತಪ್ಪಿದ ಹಳೆಯ ದಿನಗೂಲಿಗಳನ್ನು ಅರವತ್ತು ವರ್ಷದವರೆಗೆ ಮುಂದುವರಿಸಿದೆ. ಕಾಯಮಾತಿಗೂ ಕೈಬಿಡುವುದಕ್ಕೂ ನಡುವೆ ಒಂದು ದಾರಿ ಇದೆಯೆಂದು ಸರ್ಕಾರಕ್ಕೆ ಗೊತ್ತಿದೆ. ಸಾಲಿಗಳ ವಿಷಯದಲ್ಲಿ ಆ ದಾರಿಯನ್ನು ಅದು ಹುಡುಕಿಲ್ಲ.

ಪದ್ಧತಿಯ ಒಟ್ಟು ಬೆಲೆ ಕಟ್ಟುವಾಗ ಮುಖ್ಯ ಶಿಕ್ಷಕರ ಪಾಡನ್ನೂ ಎಣಿಸಬೇಕು. ಬೆಂಗಳೂರಿನ ಆದೇಶ ಬರುವ ತನಕ ಅವರು ಹೂಂ ಎನ್ನುವಂತಿಲ್ಲ, ಊಹೂಂ ಎನ್ನುವಂತಿಲ್ಲ. ಊರಿನಲ್ಲಿ ಎದುರಾಗುವ ಗೆಸ್ಟ್ ಟೀಚರಿಗೆ "ಈ ವರ್ಷ ನೀವು ಬ್ಯಾಡ್ರಿ" ಎನ್ನುವ ಅಧಿಕಾರ ಅವರಿಗೆ ಯಾರೂ ಕೊಟ್ಟಿಲ್ಲವಾದ್ದರಿಂದ "ನೋಡೋಣ್ರಿ" ಎಂದು ದಿನ ದೂಡುತ್ತಾರೆ. ಈ "ನೋಡೋಣ್ರಿ" ಕೇಳುತ್ತ ಜೂನ್ ಕಳೆದವರಿಗೆ ಆಗುವ ನಷ್ಟ ಲೆಕ್ಕಕ್ಕೆ ಸಿಗುವಂಥದ್ದು. ಖಾಸಗಿ ಶಾಲೆಗಳು ಶಿಕ್ಷಕರನ್ನು ಗೊತ್ತು ಮಾಡಿಕೊಳ್ಳುವುದು ಏಪ್ರಿಲ್, ಮೇನಲ್ಲಿ. ಅನುಮಾನದಲ್ಲಿ ಕಾದವರಿಗೆ ಆ ಬಾಗಿಲೂ ಮುಚ್ಚಿರುತ್ತದೆ. ಮನೆಯಲ್ಲಿ ಹೊಲವಿದ್ದವರು ಹೊಲಕ್ಕೆ ಹೋಗುತ್ತಾರೆ, ಇಲ್ಲದವರು ಹುಬ್ಬಳ್ಳಿಯ ಅಂಗಡಿಗಳಲ್ಲಿ ಕೆಲಸ ಕೇಳುತ್ತಾರೆ.

ಆದ್ದರಿಂದ ತಿದ್ದುಪಡಿ ದೊಡ್ಡದೇನೂ ಬೇಕಿಲ್ಲ. ಮುಂದಿನ ಆದೇಶದಲ್ಲಿ ನಾಲ್ಕು ಅಂಶ ಸೇರಿಸಬಹುದು. ಏಪ್ರಿಲ್‌ನಲ್ಲಿ ಶಾಲೆ ಮುಚ್ಚುವ ದಿನ ಪ್ರತಿ ಅತಿಥಿ ಶಿಕ್ಷಕರಿಗೂ ಕಲಿಸಿದ ವಿಷಯ, ತರಗತಿ, ದಿನಗಳನ್ನು ನಮೂದಿಸಿದ ಸೇವಾ ಪತ್ರ. ಜಾಗ ತುಂಬಿದರೆ ಮುಖ್ಯ ಶಿಕ್ಷಕರ ಸಹಿಯಿರುವ, ಕಾರಣ ತಿಳಿಸುವ ಪತ್ರ ಮತ್ತು ಹದಿನೈದು ದಿನಗಳ ಗೌರವಧನ. ಜಾಗ ಕಳೆದುಕೊಂಡವರ ತಾಲ್ಲೂಕುವಾರು ಪಟ್ಟಿ, ಬಿಇಓ ಕಚೇರಿಯ ಫಲಕದ ಮೇಲೆ. ಪಕ್ಕದ ಊರಿನ ಸಾಲಿಯಲ್ಲಿ ಅದೇ ವಿಷಯದ ಜಾಗ ಖಾಲಿಯಾದರೆ ಮೊದಲ ಕರೆ ಆ ಪಟ್ಟಿಯವರಿಗೆ. ಹದಿನೈದು ದಿನಗಳ ಗೌರವಧನವೊಂದನ್ನು ಬಿಟ್ಟರೆ ಉಳಿದ ಮೂರಕ್ಕೂ ಬೊಕ್ಕಸದಿಂದ ಹಣ ಹೋಗದು.

ಇಲಾಖೆಗೆ ಇರಬಹುದಾದ ಅಳುಕು ಒಂದೇ. ಇಂದು ಕೊಟ್ಟ ಕಾಗದ ನಾಳೆ ಧಾರವಾಡದ ಹೈಕೋರ್ಟ್ ಪೀಠದಲ್ಲಿ ಕಾಯಮಾತಿಯ ಸಾಕ್ಷಿಯಾಗಿ ಬಂದೀತೆ ಎಂಬುದು. ಆದರೆ ಆ ಭಯಕ್ಕೆ ಉಮಾದೇವಿ ತೀರ್ಪಿನ ಕಾವಲು ಇದ್ದೇ ಇದೆ. ಇನ್ನೊಂದು ಕಡೆ ಗಾಳಿ ಬದಲಾಗುತ್ತಿದೆ. ಕೇಂದ್ರ ಜಲ ಆಯೋಗದಲ್ಲಿ ಕಸ ಗುಡಿಸುತ್ತ, ತೋಟ ನೋಡಿಕೊಳ್ಳುತ್ತ ದೀರ್ಘಕಾಲ ದುಡಿದವರನ್ನು 2018ರ ಅಕ್ಟೋಬರ್‌ನಲ್ಲಿ ನೋಟಿಸು ಕೊಡದೆ ಒಮ್ಮೆಗೇ ತೆಗೆಯಲಾಗಿತ್ತು. ಜಗ್ಗೋ ಪ್ರಕರಣವೆಂದು ಹೆಸರಾದ ಆ ವ್ಯಾಜ್ಯದಲ್ಲಿ ನ್ಯಾಯಮೂರ್ತಿಗಳಾದ ವಿಕ್ರಮ್ ನಾಥ್ ಮತ್ತು ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಪ್ರಸನ್ನ ಬಿ. ವರಾಳೆ ಅವರ ಸುಪ್ರೀಂ ಕೋರ್ಟ್ ಪೀಠ, ಉಮಾದೇವಿ ತೀರ್ಪನ್ನು ಸರ್ಕಾರಿ ಸಂಸ್ಥೆಗಳು ಗುರಾಣಿ ಮಾಡಿಕೊಂಡಿರುವುದನ್ನು ಟೀಕಿಸಿ ಅವರನ್ನು ಮರಳಿ ಕೆಲಸಕ್ಕೆ ತೆಗೆದುಕೊಳ್ಳುವಂತೆ, ಕಾಯಂ ಮಾಡುವಂತೆ ಆದೇಶಿಸಿತು. ಕಾಗದ ಕೊಡದಿರುವುದೇ ತನಗೆ ಕ್ಷೇಮ ಎಂದು ಇಲಾಖೆ ಹಾಕಿಕೊಂಡ ಲೆಕ್ಕ 2024ರ ಡಿಸೆಂಬರ್ 20ರ ಆ ತೀರ್ಪಿನ ನಂತರ ಮೊದಲಿನಷ್ಟು ಭದ್ರವಾಗಿ ಉಳಿದಿಲ್ಲ.