‘ಸಂಸ್ಕಾರ’ ಚಿತ್ರಪಟವೂ ಎರಡಾದ ಪ್ರೇಕ್ಷಕವರ್ಗವೂ

ನಾಟ್ಯಶಾಸ್ತ್ರದ ಮೊದಲನೆಯ ಅಧ್ಯಾಯದಲ್ಲಿ ಒಂದು ಕಥೆಯುಂಟು. ಇಂದ್ರಧ್ವಜದ ಉತ್ಸವದಲ್ಲಿ ಭರತಮುನಿಯು ತನ್ನ ಪುತ್ರರಿಂದ ಪ್ರಪ್ರಥಮ ಪ್ರಯೋಗವನ್ನು ಮಾಡಿಸಿದನು. ದೇವತೆಗಳು ದೈತ್ಯರನ್ನು ಗೆದ್ದದ್ದೇ ಅದರ ವಸ್ತು. ದೇವತೆಗಳು ಸಂತುಷ್ಟರಾಗಿ ನಟರಿಗೆ ಉಡುಗೊರೆಗಳನ್ನು ಕೊಟ್ಟರು. ನೋಡಲು ಬಂದಿದ್ದ ದೈತ್ಯರಾದರೋ ವಿರೂಪಾಕ್ಷನನ್ನು ಮುಂದೆ ಮಾಡಿಕೊಂಡು, ಇಂಥ ನಾಟ್ಯವು ತಮಗೆ ಬೇಡವೆಂದು ಎದ್ದು, ಮಾಯೆಯಿಂದ ನಟರ ಮಾತು, ಚಲನೆ, ನೆನಪುಗಳನ್ನು ಸ್ತಂಭನಗೊಳಿಸಿದರು. ಇಂದ್ರನು ಧ್ವಜದಂಡದಿಂದ ಅವರನ್ನು ಬಡಿದು ಜರ್ಜರಗೊಳಿಸಿದರೂ ವಿಘ್ನವು ತೀರಲಿಲ್ಲ. ಕೊನೆಗೆ ಬ್ರಹ್ಮನೇ ಅವರನ್ನು ಕರೆದು, ನಾಟ್ಯವು ದೇವತೆಗಳ ಪಕ್ಷದ್ದೂ ಅಲ್ಲ, ದೈತ್ಯರ ಪಕ್ಷದ್ದೂ ಅಲ್ಲ, ಮೂರು ಲೋಕಗಳ ಭಾವಗಳನ್ನು ತೋರಿಸುವಂಥದೆಂದು ಸಾಮೋಪಾಯದಿಂದ ತಿಳಿಯಹೇಳಬೇಕಾಯಿತು. ಅದೇ ಗ್ರಂಥದ ಕೊನೆಯಲ್ಲಿ ಇನ್ನೊಂದು ಕಥೆ ಬರುವದು. ಭರತಪುತ್ರರು ವಿದ್ಯಾಮದದಿಂದ ಋಷಿಗಳನ್ನು ಅಣಕಿಸಿ ಆಡಿದರು. ಋಷಿಗಳು ಮುನಿದು ಶಪಿಸಿದರು. ಮೊದಲನೆಯ ಕಥೆಯಲ್ಲಿ ತಪ್ಪು ಪ್ರೇಕ್ಷಕರದು, ಎರಡನೆಯದರಲ್ಲಿ ಆಡಿದವರದು. ಯಾವುದೊಂದು ಕೃತಿಯಿಂದ ಜನರು ಕೆರಳಿದಾಗ ಅದು ಈ ಎರಡರಲ್ಲಿ ಯಾವ ಕಥೆಗೆ ಸೇರತಕ್ಕದ್ದೆಂದು ನಿರ್ಣಯಿಸುವದೇ ವಿಮರ್ಶಕನ ಕೆಲಸ. 1970ರಲ್ಲಿ ಬೆಳಕು ಕಂಡ ‘ಸಂಸ್ಕಾರ’ ಚಿತ್ರಪಟದ ವಿಷಯದಲ್ಲಿ ಈ ನಿರ್ಣಯವು ಅರ್ಧ ಶತಮಾನ ಕಳೆದರೂ ಮನೆಮನೆಗೆ ಬೇರೆಯಾಗಿಯೇ ಉಳಿದಿದೆ.

ದಿಗ್ದರ್ಶಕರಾದ ಪಟ್ಟಾಭಿರಾಮ ರೆಡ್ಡಿಯವರು ನೆಲ್ಲೂರಿನವರು, 1919ರಲ್ಲಿ ಹುಟ್ಟಿದವರು. ಇಪ್ಪತ್ತರ ಹರೆಯದಲ್ಲಿಯೇ, 1939ರಲ್ಲಿ, ತೆಲುಗಿನಲ್ಲಿ ‘ಫಿಡೇಲು ರಾಗಾಲ ಡಜನ್’ ಎಂಬ ಕವನಸಂಗ್ರಹವನ್ನು ಹೊರಡಿಸಿ, ಛಂದಸ್ಸಿನ ನಿಯಮಗಳನ್ನು ಬೇಕೆಂದೇ ಮುರಿದು ಪಂಡಿತರ ಹುಬ್ಬುಗಳನ್ನು ಗಂಟಿಕ್ಕಿಸಿದ್ದರು. ಮುಂದೆ ತೆಲುಗಿನಲ್ಲಿ ಪೌರಾಣಿಕ, ಸಾಂಸಾರಿಕ ಚಿತ್ರಪಟಗಳ ನಿರ್ಮಾಪಕರಾಗಿ ದುಡ್ಡು ಕಂಡವರು, ಲೋಹಿಯಾ ಅವರ ವಿಚಾರಗಳಿಗೆ ಮನಸೋತವರು. ಅಂಥವರು ಯು. ಆರ್. ಅನಂತಮೂರ್ತಿಯವರು ಬರೆದು ಧಾರವಾಡದ ಮನೋಹರ ಗ್ರಂಥಮಾಲೆಯವರು 1965ರಲ್ಲಿ ಪ್ರಕಟಿಸಿದ ಕಾದಂಬರಿಯನ್ನು ಎತ್ತಿಕೊಂಡರು. ಚಿತ್ರಕಥೆಯನ್ನು ಗಿರೀಶ ಕಾರ್ನಾಡರು ಬರೆದು ತಾವೇ ಪ್ರಾಣೇಶಾಚಾರ್ಯರ ಪಾತ್ರವನ್ನು ವಹಿಸಿದರು. ಪಿ. ಲಂಕೇಶರು ನಾರಣಪ್ಪನಾದರು; ದಿಗ್ದರ್ಶಕರ ಪತ್ನಿ ಸ್ನೇಹಲತಾ ರೆಡ್ಡಿಯವರು ಚಂದ್ರಿಯಾದರು. ಛಾಯಾಗ್ರಾಹಕ ಟಾಮ್ ಕೋವನ್ ಆಸ್ಟ್ರೇಲಿಯಾದವನು; ಸಂಗೀತವು ಸರೋದ್ ವಾದಕ ರಾಜೀವ ತಾರಾನಾಥರದು. ಶೃಂಗೇರಿಯ ಸಮೀಪದ ವೈಕುಂಠಪುರದಲ್ಲಿ ಚಿತ್ರೀಕರಣ ನಡೆಯಿತು. ಹಾಡಿಲ್ಲ, ಕುಣಿತವಿಲ್ಲ; ಕಪ್ಪು ಬಿಳುಪಿನ ಮಂಕು ಬೆಳಕು. ಮದರಾಸಿನ ಸೆನ್ಸಾರ್ ಮಂಡಳಿಯವರು ಇದನ್ನು ಜನರಿಗೆ ತೋರಿಸಕೂಡದೆಂದು ತಡೆದರು. ಕೇಂದ್ರ ಸರಕಾರದ ವಾರ್ತಾ ಮತ್ತು ಪ್ರಸಾರ ಖಾತೆಯು ಆ ತಡೆಯನ್ನು ತೆಗೆಯಿತು. ತಡೆಯಲ್ಪಟ್ಟ ಕೃತಿಯೇ ಆ ವರ್ಷದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪತಿಗಳ ಸುವರ್ಣಪದಕವನ್ನು ಪಡೆಯಿತು. ಕನ್ನಡಕ್ಕೆ ಆ ಮನ್ನಣೆ ಅದೇ ಮೊದಲು.

ನೋಡಿದವರು ಮೂರು ಬಗೆಯಾದರು. ಬ್ರಾಹ್ಮಣ್ಯಕ್ಕೆ, ಅದರಲ್ಲಿಯೂ ಮಾಧ್ವರಿಗೆ, ಅಪಮಾನವಾಯಿತೆಂದು ಕೆಲವರು ಕ್ಷೋಭೆಗೊಂಡರು. ಅಗ್ರಹಾರದ ಮುಸುಕು ಹರಿಯಿತೆಂದು ಕೆಲವರು ಹಿಗ್ಗಿದರು. ಉಳಿದವರಿಗೆ ಆಕಳಿಕೆ ಬಂದಿತು. ಈ ಮೂರನೆಯವರ ಮಾತು ಆಮೇಲೆ. ಮೊದಲಿನ ಎರಡು ಪಂಗಡಗಳು ಪರಸ್ಪರ ವಿರುದ್ಧವೆಂದು ಎಲ್ಲರೂ ತಿಳಿದಿರುವರು. ಪರೀಕ್ಷಿಸಿದರೆ ಅವೆರಡೂ ಒಂದೇ ಎಡೆಯಲ್ಲಿ ಎಡವಿದ್ದು ಗೊತ್ತಾಗುವದು. ಅಭಿನವಗುಪ್ತಾಚಾರ್ಯನು ರಸಾಸ್ವಾದಕ್ಕೆ ಏಳು ವಿಘ್ನಗಳನ್ನು ಎಣಿಸಿದ್ದಾನೆ. ಅವುಗಳಲ್ಲಿ ಎರಡನೆಯದು, ರಂಗದ ಮೇಲೆ ಕಾಣುವ ಭಾವವನ್ನು ‘ಇದು ನನ್ನದು’ ಎಂದೋ ‘ಇದು ಇತರನದು’ ಎಂದೋ ಗೂಟಕ್ಕೆ ಕಟ್ಟಿಬಿಡುವದು. ತನ್ನದೆಂದು ಕಟ್ಟಿಕೊಂಡವನು ಹೆದರುವನು, ನಾಚುವನು, ಮುಚ್ಚಿಡಲು ಹವಣಿಸುವನು. ಪರರದೆಂದು ಕಟ್ಟಿದವನು ದ್ವೇಷದಿಂದಲೋ ಉದಾಸೀನದಿಂದಲೋ ನೋಡುವನು. ಇಬ್ಬರಿಗೂ ರಸವು ದಕ್ಕಲಾರದು. ದೂರ್ವಾಸಪುರದ ಪ್ರಾಣೇಶಾಚಾರ್ಯನನ್ನು ಕಂಡು ‘ನಮ್ಮವರನ್ನು ಹೀಗೆ ತೋರಿಸಬಹುದೇ’ ಎಂದವನೂ ‘ಅವರು ಹೀಗೆಯೇ ಇದ್ದರು’ ಎಂದವನೂ ಒಂದೇ ವಿಘ್ನಕ್ಕೆ ಸಿಕ್ಕವರು. ಇದು ಇಲ್ಲಿನವರಿಗೆ ಮಾತ್ರ ತಗಲಿದ ಜಾಡ್ಯವೆಂದು ತಿಳಿಯಬಾರದು. ವಿ. ಎಸ್. ನೈಪಾಲರು ಭಾರತದ ಬಗ್ಗೆ 1977ರಲ್ಲಿ ಹೊರಡಿಸಿದ ಪುಸ್ತಕದಲ್ಲಿ ಈ ಕಥೆಯನ್ನೇ ಹಿಂದೂ ಸಮಾಜದ ರೋಗಪತ್ರಿಕೆಯೆಂಬಂತೆ ಓದಿದರು. ಪ್ರಪಂಚವನ್ನೇ ಸುತ್ತಿದ ಪ್ರತಿಭಾವಂತನಿಗೂ ಕಲ್ಪಿತಪಾತ್ರವು ಸಾಕ್ಷಿದಾರನಾಗಿ ಕಂಡಿತು!

ಇನ್ನು ಶಾಸ್ತ್ರವನ್ನು ಬಲ್ಲ ಪ್ರೇಕ್ಷಕನ ಆಕ್ಷೇಪವೊಂದುಂಟು. ಅದನ್ನು ಸಿಟ್ಟಿನ ಮಾತೆಂದು ತಳ್ಳಿಹಾಕುವಂತಿಲ್ಲ. ಕಥೆಯ ಬುಡಕ್ಕೇ ತಗಲುವ ಮಾತದು. ಕಥೆಯ ಗಂಟು ಯಾವದು? ಜಾತಿನಿಯಮಗಳನ್ನೆಲ್ಲ ಧಿಕ್ಕರಿಸಿ, ಮದ್ಯಮಾಂಸಗಳನ್ನು ಸೇವಿಸಿ, ಚಂದ್ರಿಯೊಡನೆ ಬಾಳಿದ ನಾರಣಪ್ಪನು ಶಿವಮೊಗ್ಗೆಯಿಂದ ಜ್ವರದೊಡನೆ ಬಂದು ಸಾಯುವನು. ಹೆಣವನ್ನು ಯಾರು ಸುಡಬೇಕು, ಸುಡಬಹುದೇ ಎಂಬುದಕ್ಕೆ ಕಾಶಿಯಲ್ಲಿ ಓದಿಬಂದ ವೇದಾಂತಶಿರೋಮಣಿಗೆ ಗ್ರಂಥಗಳಲ್ಲಿ ಉತ್ತರ ಸಿಗುವದಿಲ್ಲ. ಹೆಣವು ಕೊಳೆಯುತ್ತ ಬಿದ್ದಿರುವದು. ಇಲ್ಲಿ ಶಾಸ್ತ್ರಜ್ಞನು ಕೇಳುವನು: ಉತ್ತರವಿಲ್ಲದೆ ಏನು? ಮಾಧವಾಚಾರ್ಯರ ವ್ಯಾಖ್ಯಾನದೊಡನೆ ದಕ್ಷಿಣದಲ್ಲೆಲ್ಲ ಮಾನ್ಯವಾದ ಪರಾಶರಸ್ಮೃತಿಯಲ್ಲಿಯೇ, ದಿಕ್ಕಿಲ್ಲದೆ ಸತ್ತ ಬ್ರಾಹ್ಮಣನನ್ನು ಹೊತ್ತವರಿಗೆ ಹೆಜ್ಜೆಹೆಜ್ಜೆಗೂ ಯಜ್ಞಫಲವುಂಟೆಂದು ಹೇಳಿದೆ. ಮಿಂದರೆ ಮೈಲಿಗೆ ಹೋಯಿತು. ಸಾಮಾನ್ಯ ಪುರೋಹಿತನಿಗೂ ತಿಳಿದ ಈ ವಿಧಿಯು ಅಂಥ ಪಂಡಿತನಿಗೆ ತೋಚಲಿಲ್ಲವೆಂದರೆ ನಂಬುವದು ಹೇಗೆ? ಅಭಿನವಗುಪ್ತನ ಏಳು ವಿಘ್ನಗಳಲ್ಲಿ ಮೊದಲನೆಯದೇ ಸಂಭಾವ್ಯತೆಯಿಲ್ಲದಿರುವದು. ಇದು ನಿಜವಾದರೆ ಕಾದಂಬರಿಯೂ ಚಿತ್ರಪಟವೂ ಬುನಾದಿಯಲ್ಲಿಯೇ ಕುಸಿಯುವವು.

ಆದರೆ ಆಕ್ಷೇಪವನ್ನು ಇನ್ನಷ್ಟು ದೂರ ಬೆನ್ನಟ್ಟಿದರೆ ಉತ್ತರವೂ ಶಾಸ್ತ್ರದಲ್ಲಿಯೇ ಇದೆ. ಅನಾಥಪ್ರೇತದ ವಿಧಿಯು ಪತಿತನಿಗೆ ಸಲ್ಲದು; ಪತಿತನಿಗೆ ಉದಕಾದಿ ಕ್ರಿಯೆಗಳಿಲ್ಲ. ಹಾಗಾದರೆ ನಾರಣಪ್ಪನು ಪತಿತನೋ? ನಡತೆಯಿಂದ ಪತಿತನೇ ಸರಿ. ಆದರೆ ಪಾತಿತ್ಯವನ್ನು ಸಾರುವದಕ್ಕೆ ಒಂದು ಕ್ರಮವುಂಟು. ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯದಲ್ಲಿ ಅದನ್ನು ವಿಧಿಸಿದೆ: ಬಂಧುಗಳು ಊರ ಹೊರಗೆ, ಅಶುಭದಿನದ ಸಂಜೆ, ಋತ್ವಿಜರ ಗುರುಗಳ ಸಮಕ್ಷಮ, ಬದುಕಿದ್ದವನಿಗೇ ಪ್ರೇತನಿಗೆಂಬಂತೆ ಉದಕವನ್ನು ಬಿಡಬೇಕು, ದಾಸಿಯೊಬ್ಬಳು ನೀರು ತುಂಬಿದ ಕೊಡವನ್ನು ಕಾಲಿನಿಂದ ಉರುಳಿಸಬೇಕು. ಅಂದಿನಿಂದ ಅವನೊಡನೆ ಮಾತಿಲ್ಲ, ಕೊಳುಕೊಡೆಯಿಲ್ಲ, ದಾಯಭಾಗವೂ ಇಲ್ಲ. ದೂರ್ವಾಸಪುರದವರು ಇದನ್ನು ಮಾಡಲಿಲ್ಲ. ಬಹಿಷ್ಕರಿಸಿದರೆ ಮುಸಲ್ಮಾನನಾಗಿ ಅಗ್ರಹಾರದಲ್ಲಿಯೇ ಇರುವೆನೆಂದು ನಾರಣಪ್ಪನು ಬೆದರಿಸಿದ್ದನು; ಅವರು ಸುಮ್ಮನಾದರು. ಆದುದರಿಂದ ಸತ್ತವನು ಬ್ರಾಹ್ಮಣನೂ ಅಲ್ಲ, ಪತಿತನೂ ಅಲ್ಲ. ಒಂದು ವಿಧಿಯಿಂದ ಹೊರಬಿದ್ದು ಇನ್ನೊಂದರೊಳಗೆ ಸೇರದೆ ನಡುವೆ ತೂಗಾಡುವ ಹೆಣವದು. ಗ್ರಂಥಗಳಲ್ಲಿ ಪ್ರಾಣೇಶಾಚಾರ್ಯನಿಗೆ ಉತ್ತರ ಸಿಗದಿದ್ದದ್ದು ಗ್ರಂಥಗಳ ದೋಷದಿಂದಲ್ಲ, ಅಗ್ರಹಾರದವರ ಪುಕ್ಕಲುತನದಿಂದ. ಬದುಕಿದ್ದಾಗ ‘ಹೋಗು’ ಎನ್ನಲಾರದವರು ಸತ್ತಮೇಲೆ ‘ಬಾ’ ಎನ್ನಲಾರದೆ ಹೋದರು. ಅದರ ಮೇಲೆ ಚಂದ್ರಿಯು ತನ್ನ ಒಡವೆಗಳನ್ನು ಬಿಚ್ಚಿಟ್ಟೊಡನೆ ಅದೇ ಜನರಿಗೆ ಹೆಣದ ಮೇಲೆ ಹಕ್ಕು ನೆನಪಾಗುವದು! ಹೀಗೆ ನೋಡಿದರೆ ಕೃತಿಯು ಶಾಸ್ತ್ರವನ್ನು ಹಳಿಯುವದೆಂಬ ದೂರು ನಿಲ್ಲಲಾರದು. ಶಾಸ್ತ್ರವನ್ನು ನಿರ್ವಹಿಸದೆ ಅದರ ಹೆಸರನ್ನು ಮಾತ್ರ ಬಳಸಿದವರನ್ನು ಅದು ಹಿಡಿದು ನಿಲ್ಲಿಸುವದು. ಕೆರಳಿದ ಪಂಡಿತವರ್ಗವು ಇಷ್ಟು ವಿಚಾರ ಮಾಡಿದ್ದರೆ, ಚಿತ್ರಪಟವು ತಮ್ಮ ಕಡೆಯ ವಾದವನ್ನೇ ಮುಂದಿಡುತ್ತಿದೆಯೆಂದು ಹೇಳಬಹುದಾಗಿತ್ತು.

ಈಗ ಆಕಳಿಸಿದವರ ಮಾತು. ರಾಣೇಬೆನ್ನೂರು, ಬ್ಯಾಡಗಿಗಳ ಸೀಮೆಯ ಕುಪ್ಪೇಲೂರಿನಂಥ ಊರುಗಳಿಗೆ ಮಲೆನಾಡಿನ ಅಗ್ರಹಾರವೇ ದೂರದ ವಸ್ತು. ಹಾಗೆಂದು ಬಯಲುಸೀಮೆಯ ಪ್ರೇಕ್ಷಕನಿಗೆ ಕಟುವಾದದ್ದನ್ನು ನೋಡುವ ಎದೆಯಿಲ್ಲವೆಂದು ಪೇಟೆಯವರು ತೀರ್ಪು ಕೊಡಬಾರದು. ಸುಗ್ಗಿ ಮುಗಿದಮೇಲೆ ರಾತ್ರಿಯಿಡೀ ‘ಸಂಗ್ಯಾ ಬಾಳ್ಯಾ’ ಸಣ್ಣಾಟವನ್ನು ನೋಡಿದ ಜನರು ಇವರು. ಅಲ್ಲಿ ಗೆಳೆಯನ ಹೆಂಡತಿಯನ್ನು ಕೂಡಿದವನುಂಟು, ಸ್ನೇಹದ್ರೋಹವುಂಟು, ಕೊಲೆಯುಂಟು. ಮೇಲಾಗಿ ಅದು ಬೈಲಹೊಂಗಲದಲ್ಲಿ ನಡೆದ ಸಂಗತಿಯೆಂದೇ ಪ್ರತೀತಿ. ಆದರೂ ಸಭ್ಯರ ಮನೆಯವರು ಕೂಡ ಎದ್ದುಹೋಗದೆ, ಗಂಗಿಗೂ ಈರ್ಯಾನಿಗೂ ಸಂಗ್ಯಾನಿಗೂ ಸಮನಾಗಿ ಮರುಗುತ್ತ ಬೆಳಗು ಮಾಡಿದರು. ಸಣ್ಣಾಟದಲ್ಲಿ ಹಿಮ್ಮೇಳವು ಪ್ರತಿಯೊಂದು ಪೆಟ್ಟನ್ನೂ ಹಾಡಿಗೆ ಎತ್ತಿಕೊಳ್ಳುವದರಿಂದ, ಒಬ್ಬನ ಮನೆಯ ರಾದ್ಧಾಂತವು ಎಲ್ಲರ ಸಂಕಟವಾಗಿ ಹರಡುವದು. ಸಾಧಾರಣೀಕರಣವೆಂದು ಆಲಂಕಾರಿಕರು ಕರೆದದ್ದು ಇದನ್ನೇ. ಪಟ್ಟಾಭಿರಾಮ ರೆಡ್ಡಿಯವರು ಆ ನೆರವನ್ನು ತಾವಾಗಿ ಬಿಟ್ಟುಕೊಟ್ಟರು. ಬಿಟ್ಟದ್ದಕ್ಕೆ ಕಾರಣವಿದೆ: ಪ್ರಾಣೇಶಾಚಾರ್ಯನ ಸಂಕಟವು ಹಾಡಿ ಹಗುರಾಗತಕ್ಕದ್ದಲ್ಲ. ಆದರೆ ಅದರ ಬೆಲೆಯನ್ನೂ ಅವರೇ ತೆರಬೇಕಾಯಿತು. ನಿಧಾನವೊಂದೇ ಗಾಂಭೀರ್ಯವಾಗುವದಿಲ್ಲ. ಹಾಗೆ ತಿಳಿದ ಮುಂದಿನ ಕೆಲವು ಚಿತ್ರಪಟಗಳನ್ನು ನೋಡುವದಕ್ಕಿಂತ ಹೆಣದ ಕಾವಲೇ ಲೇಸೆನಿಸಿದ್ದುಂಟು.

ಭರತನು ಸಿದ್ಧಿಯನ್ನು ಹೇಳುವ ಅಧ್ಯಾಯದಲ್ಲಿ, ತರುಣರು ಕಾಮದಲ್ಲಿ, ಅರ್ಥಪರರು ಅರ್ಥದಲ್ಲಿ, ವಿರಾಗಿಗಳು ಮೋಕ್ಷದಲ್ಲಿ, ಶೂರರು ಬೀಭತ್ಸ ರೌದ್ರಗಳಲ್ಲಿ ತುಷ್ಟಿಗೊಳ್ಳುವರೆಂದು ಒಪ್ಪಿಯೇ ಮಾತಾಡುತ್ತಾನೆ. ಒಬ್ಬನಿಗೆ ಹಿಡಿಸಿದ್ದು ಇನ್ನೊಬ್ಬನಿಗೆ ಹಿಡಿಸದಿದ್ದರೆ ಅವನು ಗದರಿಸುವದಿಲ್ಲ. ಈ ಕಾಲದ ವಿಮರ್ಶಕರಿಗೆ ಆ ಸೈರಣೆ ಕಡಿಮೆ. ಪದಕ ಬಂದದ್ದನ್ನು ಮೆಚ್ಚದವನು ಅರಸಿಕನೆನ್ನುವರು, ಮೆಚ್ಚಿದವನು ಧರ್ಮದ್ವೇಷಿಯೆನ್ನುವರು. ಇದೇ ಜಿಲ್ಲೆಯ ಅಬಲೂರು, ಮಾಸೂರುಗಳ ನಂಟುಳ್ಳ ಸರ್ವಜ್ಞನು ಕುಲದ ಹೆಮ್ಮೆಯನ್ನು ಹಂಗಿಸಿದ್ದು ಸಾಮಾನ್ಯವೇ? ಅವನ ವಚನಗಳನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುವ ಮನೆಗಳಲ್ಲಿಯೇ ‘ಸಂಸ್ಕಾರ’ದ ಹೆಸರೆತ್ತಿದರೆ ಮುಖ ಕೆಂಪಾಗುವದುಂಟು. ಹಳೆಯ ಪೆಟ್ಟು ಕಲೆಯಾಗಿ ಉಳಿದು ಉರಿಯನ್ನು ಕಳೆದುಕೊಂಡಿದೆ. ಹೊಸದು ಇನ್ನೂ ಹಸಿಯಾಗಿದೆ, ಅಷ್ಟೆ.

ಕೃತಿಯಲ್ಲಿ ದೋಷವೇ ಇಲ್ಲವೆಂದಲ್ಲ. ಪ್ರಾಣೇಶಾಚಾರ್ಯನ ವಿದ್ಯೆಯು ತಾಳೆಯೋಲೆಗಳ ಕಟ್ಟಾಗಿ ಕಾಣುವದೇ ಹೊರತು ಸುಖವಾಗಿ ಕಾಣುವದಿಲ್ಲ. ಹತ್ತಾರು ವರ್ಷ ಪಾಠ ಹೇಳಿದವನಿಗೆ ಶಬ್ದದಲ್ಲಿ, ತರ್ಕದಲ್ಲಿ, ಕಾವ್ಯದಲ್ಲಿ ಒಂದು ಆನಂದವಿದ್ದೇ ಇರುತ್ತದೆ. ಕಾದಂಬರಿಯಲ್ಲಿ ಕಾಳಿದಾಸನ ಶಕುಂತಲೆಯ ವರ್ಣನೆಯನ್ನು ಕೇಳಿಯೇ ಒಬ್ಬ ತರುಣನ ಮೈ ಬಿಸಿಯಾಗುವ ಪ್ರಸಂಗವುಂಟು. ಅಂದರೆ ಅಂಥ ಕಾವ್ಯವನ್ನು ಹೇಳಿದವನು ಬರಿಯ ಒಣ ಆಚಾರವಂತನಲ್ಲ. ಚಿತ್ರಪಟದ ಆಚಾರ್ಯನಲ್ಲಿ ಕಟ್ಟುನಿಟ್ಟು, ರೋಗಿಷ್ಟ ಹೆಂಡತಿಯ ಶುಶ್ರೂಷೆ, ಬಿಗಿದ ತುಟಿ ಇವೇ ಮುಂದಾಗಿವೆ. ಕಾರ್ನಾಡರ ಮುಖವು ವ್ಯಥೆಯನ್ನು ಚೆನ್ನಾಗಿ ಹೊತ್ತಿದೆ, ವಿದ್ವತ್ತನ್ನು ಅಷ್ಟು ಹೊತ್ತಿಲ್ಲ. ಪಡೆದದ್ದು ದೊಡ್ಡದೆಂದು ಕಂಡರಲ್ಲವೇ ಕಳೆದದ್ದು ದೊಡ್ಡದಾಗುವದು? ಕ್ಷೋಭೆಗೊಂಡವರ ಸಿಟ್ಟಿನಲ್ಲಿ ನ್ಯಾಯದ ಅಂಶವೇನಾದರೂ ಇದ್ದರೆ ಅದು ಇಲ್ಲಿ; ಅವರು ಅದನ್ನು ಬಿಟ್ಟು ಚಂದ್ರಿಯ ಸಂಗದ ಪ್ರಸಂಗವನ್ನೇ ಹಿಡಿದು ಕೂಗಿದರು.

ಏಳು ವರ್ಷಗಳ ಮೇಲೆ, 1977ರಲ್ಲಿ, ಅನಂತಮೂರ್ತಿಯವರದೇ ಇನ್ನೊಂದು ಕಥೆಯಿಂದ ಗಿರೀಶ ಕಾಸರವಳ್ಳಿಯವರು ‘ಘಟಶ್ರಾದ್ಧ’ವನ್ನು ತೆಗೆದರು. ವೇದಪಾಠಶಾಲೆಯೊಂದರಲ್ಲಿ ನಡೆಯುವ ಕಥೆ. ದೂರ್ವಾಸಪುರದವರು ನಾರಣಪ್ಪನಿಗೆ ಮಾಡಲು ಅಂಜಿದ ಕರ್ಮವನ್ನು ಇಲ್ಲಿ ತಂದೆಯೇ ವಿಧವೆಯಾದ ಮಗಳಿಗೆ ಮಾಡುವನು. ಗಂಡಸು ಬೆದರಿಸಿದರೆ ಶಾಸ್ತ್ರವು ಸುಮ್ಮನಾಯಿತು. ದಿಕ್ಕಿಲ್ಲದ ಹೆಣ್ಣಿನ ಮೇಲೆ ಕೊಡ ಒಡೆಯಿತು. ಎರಡು ಚಿತ್ರಗಳನ್ನೂ ಬೆನ್ನುಬೆನ್ನಿಗೆ ನೋಡಿದವರಿಗೆ ಮೊದಲನೆಯದರ ಗಂಟು ಎಷ್ಟು ಗಟ್ಟಿಯೆಂಬುದು ಮನದಟ್ಟಾಗುವದು. ಕಾಸರವಳ್ಳಿಯವರು ಕಥೆಯನ್ನು ನಾಣಿಯೆಂಬ ಹುಡುಗನ ಕಣ್ಣಿನಿಂದ ತೋರಿಸಿದ್ದರಿಂದ ‘ನನ್ನದು’, ‘ಇತರನದು’ ಎಂಬ ಗೂಟಗಳು ಸಡಿಲಾದವು. ಮಗುವಿಗೆ ಯಾವ ಪಕ್ಷ? ಪಟ್ಟಾಭಿರಾಮ ರೆಡ್ಡಿಯವರು ಅಂಥ ಆಸರೆಯನ್ನು ಪ್ರೇಕ್ಷಕನಿಗೆ ಕೊಡಲಿಲ್ಲ. 2024ರಲ್ಲಿ ‘ಘಟಶ್ರಾದ್ಧ’ದ ಜೀರ್ಣೋದ್ಧಾರಗೊಂಡ ಪ್ರತಿಯು ವೆನಿಸ್ ಉತ್ಸವದಲ್ಲಿ ತೋರಿಸಲ್ಪಟ್ಟಿತು.

ಎರಡೂ ಪಂಗಡದವರ ಮಾತಿನಲ್ಲಿ ಹೆಚ್ಚಾಗಿ ಬಾರದವಳು ಚಂದ್ರಿ. ಆಚಾರ್ಯನು ಕೆಟ್ಟನೋ ಬಿಡುಗಡೆ ಹೊಂದಿದನೋ ಎಂದು ಅವರು ಐವತ್ತು ವರ್ಷ ಜಗಳಾಡಿದರು. ಪಂಡಿತರು ಓಲೆ ಮಗುಚುತ್ತಿರುವಾಗ, ಮಾರುತಿಯು ಬಲಗಡೆಯ ಪ್ರಸಾದ ಕೊಡದೆ ಸುಮ್ಮನಿರುವಾಗ, ಗಾಡಿ ಹೊಡೆಯುವ ಮುಸಲ್ಮಾನನೊಬ್ಬನ ನೆರವಿನಿಂದ ರಾತ್ರೋರಾತ್ರಿ ಹೆಣವನ್ನು ಸಾಗಿಸಿ ಸುಟ್ಟವಳು ಅವಳು. ಮಂತ್ರವಿಲ್ಲದಿದ್ದರೂ ಕೃತಿಯ ಹೆಸರಿನ ಕರ್ಮವು ಅವಳಿಂದಲೇ ಆಯಿತು. ಆಮೇಲೆ ಅವಳು ಕುಂದಾಪುರದ ದಾರಿ ಹಿಡಿಯುವಳು. ಕಥೆಯು ಆಚಾರ್ಯನ ಬೆನ್ನು ಹತ್ತಿ ಮೇಳಿಗೆಯ ಜಾತ್ರೆಗೆ ಹೋಗುವದು. ಸ್ನೇಹಲತಾ ರೆಡ್ಡಿಯವರು ಆ ಪಾತ್ರವನ್ನು ಹೆಚ್ಚು ಮಾತಿಲ್ಲದೆ, ಕಣ್ಣು ತಗ್ಗಿಸದೆ ನಿರ್ವಹಿಸಿದ್ದಾರೆ. ತುರ್ತುಪರಿಸ್ಥಿತಿಯಲ್ಲಿ, 1976ರಲ್ಲಿ, ಅವರನ್ನು ಬೆಂಗಳೂರಿನ ಸೆರೆಮನೆಯಲ್ಲಿಟ್ಟರು. ಹೊರಗೆ ಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ, ಅವರು ತೀರಿಕೊಂಡರು. ಚಿತ್ರಪಟವನ್ನು ಮತ್ತೆ ನೋಡುವ ಮನೆಯವರು ಈ ಸಲ ಒಡವೆಗಳನ್ನು ಬಿಚ್ಚಿಡುವ ಅವಳ ಕೈಗಳನ್ನೂ, ಅದನ್ನು ನೋಡುವ ಬ್ರಾಹ್ಮಣರ ಮುಖಗಳನ್ನೂ ಸಾವಕಾಶವಾಗಿ ನೋಡಬೇಕು.